ಅಂಗೈಯಗಲದ ಪೆಟ್ಟಿಗೆ... ಮನೆ ತುಂಬ ಟಾಕೀಸು!

ಸಂತೆಕಟ್ಟೆ ಸ್ಟಾಪಿನಲ್ಲಿ ಕುಂದಾಪುರದ ಬಸ್ಸಿಗೋ ಉಡುಪಿಯ ಬಸ್ಸಿಗೋ ಕಾಯುತ್ತಾ ಈ ಪುಟ ತಿರುವುತ್ತಿರುವ ಚಿತ್ರರಸಿಕ ಮಿತ್ರರೇ, ನಿಮಗೊಂದು ಸಣ್ಣ ಪ್ರಶ್ನೆ. ನಿಮ್ಮ ಮನೆಯ ಷೋಕೇಸಿನ ಕೆಳಗಿನ ಖಾನೆಯಲ್ಲಿ, ರಬ್ಬರ್ ಬ್ಯಾಂಡ್ ಹಾಕಿಟ್ಟ ಹಳೇ ವಿಸಿಡಿಗಳ ಕಟ್ಟು ಉಂಟಾ ಇಲ್ವಾ?

ಉಂಟು! ನಮ್ಮ ಕಡೆ ಅದಿಲ್ಲದ ಮನೆ ಕಡಿಮೆ. ಅಣ್ಣಾವ್ರ ಪಿಕ್ಚರು ನಾಲ್ಕು, ವಿಷ್ಣು-ಅಂಬಿಯದ್ದು ಎರಡು, ತುಳು ನಾಟಕದ್ದು ಒಂದು, ಯಕ್ಷಗಾನದ್ದು ಒಂದು ಜೊತೆ, ಎಲ್ಲಕ್ಕಿಂತ ಅಡಿಯಲ್ಲಿ ಅಕ್ಕನ ಮದುವೆಯ ಡಿಸ್ಕು. ಡಿಸ್ಕು ಉಂಟು, ಪ್ಲೇಯರ್ ಇಲ್ಲ. ಅದು ಕೆಟ್ಟು ಗುಜರಿಗೆ ಹೋಗಿ ಎಷ್ಟೋ ಮಳೆಗಾಲ ಕಳೆಯಿತು. ಹೊಸ ಲ್ಯಾಪ್‌ಟಾಪಿಗಾದರೆ ಡಿಸ್ಕು ನುಂಗುವ ಬಾಯಿಯೇ ಇಲ್ಲ. ಗೋಡೆಯ ಮೇಲೆ 43 ಇಂಚಿನ ಟಿವಿ ಮಿಂಚುತ್ತಾ ಉಂಟು, ಆದರೆ ಅದರಲ್ಲಿ ಅಕ್ಕನ ಮದುವೆ ನೋಡುವ ಭಾಗ್ಯ ಮಾತ್ರ ಇಲ್ಲ. ಎಂಥಾ ವಿಪರ್ಯಾಸ ಅಲ್ವಾ?

ಈ ಕಾಯಿಲೆಗೆ ಮದ್ದು ಒಂದು ಪುಟ್ಟ ಕಂಪ್ಯೂಟರ್. ಟಿವಿಯ ಹಿಂದೆ ಅಡಗಿ ಕೂರುವಷ್ಟು ಪುಟ್ಟದು. ಮನೆಯಲ್ಲಿರುವ ಸಿನಿಮಾ, ಹಾಡು, ಯಕ್ಷಗಾನ, ಮದುವೆ-ಮುಂಜಿ ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡು, ರಿಮೋಟಿನ ಒಂದು ಗುಂಡಿ ಒತ್ತಿದರೆ ತೆರೆಯ ಮೇಲೆ ಬಿಡುವ ಪೆಟ್ಟಿಗೆ. ಆದರೆ ಅಂಗಡಿಗೆ ಹೋದರೆ ಹತ್ತು ಹೆಸರು, ಹನ್ನೆರಡು ಬೆಲೆ. ಯಾವುದು ಹೀರೋ, ಯಾವುದು ಬರೀ ಮೇಕಪ್ಪು? ಬನ್ನಿ, ಒಬ್ಬೊಬ್ಬರನ್ನೇ ಕರೆದು ಸ್ಕ್ರೀನ್ ಟೆಸ್ಟ್ ಮಾಡೋಣ.

ಮೊದಲು ಒಂದು ಫ್ಲಾಷ್‌ಬ್ಯಾಕ್

"ಮೊಬೈಲಿನಲ್ಲಿ ಎಲ್ಲಾ ಸಿಗುತ್ತದೆ, ಪೆಟ್ಟಿಗೆ ಯಾಕೆ?" ಅಂತ ಕೇಳುವವರಿಗೆ ಈ ಮಾತು.

ಕನ್ನಡದ ಮೊಟ್ಟಮೊದಲ ವಾಕ್ಚಿತ್ರ 'ಸತಿ ಸುಲೋಚನ' ತೆರೆ ಕಂಡದ್ದು 1934ರಲ್ಲಿ. ಇವತ್ತು ಅದನ್ನು ನೋಡೋಣ ಎಂದರೆ ಒಂದು ಪ್ರಿಂಟೂ ಉಳಿದಿಲ್ಲ. ನಮ್ಮ ಭಾಷೆಯ ಮೊದಲ ಮಾತಿನ ಚಿತ್ರವೇ ಮಾಯ! ಅದೇ ಗಿರೀಶ್ ಕಾಸರವಳ್ಳಿಯವರ 'ಘಟಶ್ರಾದ್ಧ' ನೋಡಿ. 1977ರ ಚಿತ್ರ. ಅದರ ಪ್ರತಿ ಉಳಿದಿತ್ತು. ಹಾಗಾಗಿ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸೆಯವರ ಫಿಲ್ಮ್ ಫೌಂಡೇಶನ್ ಸೇರಿ ಅದನ್ನು 4ಕೆ ಗುಣಮಟ್ಟದಲ್ಲಿ ಮರುಜೀವಗೊಳಿಸಿದರು, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಅದು ಮತ್ತೆ ತೆರೆಗೆ ಬಂತು. ಪ್ರತಿ ಉಳಿದರೆ ಚಿತ್ರ ಉಳಿಯಿತು. ಪ್ರತಿ ಹೋದರೆ ಹೆಸರು ಮಾತ್ರ.

ನಮ್ಮ ತುಳು ಚಿತ್ರರಂಗ ಶುರುವಾದದ್ದು 1971ರಲ್ಲಿ, 'ಎನ್ನ ತಂಗಡಿ'ಯಿಂದ. ಅದನ್ನು ಟಾಕೀಸಿನಲ್ಲಿ ಕುಳಿತು ನೋಡಿದ ಹುಡುಗರು ಇಂದು ಅಜ್ಜಂದಿರು. 2011ರಲ್ಲಿ 'ಒರಿಯರ್ದೊರಿ ಅಸಲ್' ಬಂದು ಮತ್ತೆ ಟಾಕೀಸು ತುಂಬಿಸುವವರೆಗೆ ತುಳು ಚಿತ್ರಗಳು ಬಂದದ್ದೇ ಎಣಿಕೆಯಷ್ಟು. ದೊಡ್ಡ ಕಂಪೆನಿಗಳ ಗೋದಾಮಿನಲ್ಲಿ ಇವಕ್ಕೆ ಜಾಗ ಸುಲಭವಲ್ಲ. ಉಳಿದರೆ ಉಳಿಯುವುದು ನಿಮ್ಮ-ನಮ್ಮ ಷೋಕೇಸಿನಲ್ಲೇ.

ವಿಸಿಡಿಯ ಕಥೆ ಕೇಳಿ. 2007ರಲ್ಲಿ ಮೋಸರ್ ಬೇಯರ್ ಕಂಪೆನಿ ಮಾರುಕಟ್ಟೆಗೆ ಬಂದು 28 ರೂಪಾಯಿಗೆ ವಿಸಿಡಿ, 34 ರೂಪಾಯಿಗೆ ಡಿವಿಡಿ ಕೊಟ್ಟಾಗ ದೇಶವೇ ಬಾಯಿ ಮೇಲೆ ಬೆರಳಿಟ್ಟಿತು. ಬಸ್ ಸ್ಟಾಂಡಿನ ಅಂಗಡಿಯಲ್ಲಿ ಚಕ್ಕುಲಿ, ಕಡಲೆ ಜೊತೆಗೆ ಸಿನಿಮಾ ನೇತಾಡಿದ ಕಾಲ ಅದು. 2018ರಲ್ಲಿ ಆ ಕಂಪೆನಿಯನ್ನೇ ಮುಚ್ಚಿ ಆಸ್ತಿ ಮಾರಲು ಆದೇಶವಾಯಿತು. ಇನ್ನು ವೀಡಿಯೋ ಕ್ಯಾಸೆಟ್ಟು? ಗಲ್ಫಿನಿಂದ ಮಾವನೋ ದೊಡ್ಡಣ್ಣನೋ ವಿಸಿಆರ್ ತಂದರೆ ಇಡೀ ಊರೇ ಅಂಗಳದಲ್ಲಿ ಕೂರುತ್ತಿದ್ದ ಕಾಲ ಒಂದಿತ್ತು ಎಂದು ಹಿರಿಯರು ಹೇಳುತ್ತಾರೆ. ಜಗತ್ತಿನಲ್ಲಿ ಕೊನೆಯದಾಗಿ ವಿಸಿಆರ್ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪೆನಿ 2016ರ ಜುಲೈಯಲ್ಲಿ ಕೈ ಚೆಲ್ಲಿತು. ಯಂತ್ರ ಹೋಯಿತು, ಕ್ಯಾಸೆಟ್ಟು ಮಾತ್ರ ಅಟ್ಟದಲ್ಲಿ ಬೂಸ್ಟು ಹಿಡಿಯುತ್ತಾ ಉಂಟು.

ಸರಿ, ಒಟಿಟಿ ಉಂಟಲ್ಲ? ಉಂಟು ಸ್ವಾಮಿ. ಆದರೆ ಅಲ್ಲಿರುವ ಪ್ರತಿ ನಮ್ಮದಲ್ಲ. ನಮ್ಮ ಕೆರಾಡಿಯ ರಿಷಬ್ ಶೆಟ್ಟರ 'ಕಾಂತಾರ'ವನ್ನೇ ತಗೊಳ್ಳಿ. ಟಾಕೀಸಿನಲ್ಲಿ 'ವರಾಹ ರೂಪಂ' ಕೇಳಿ ಮೈ ಜುಮ್ಮೆಂದವರು 2022ರ ನವೆಂಬರಿನಲ್ಲಿ ಅಮೆಜಾನ್ ಪ್ರೈಮಿನಲ್ಲಿ ಹಚ್ಚಿ ನೋಡಿದರೆ... ಹಾಡು ಅದೇ, ರಾಗ ಬೇರೆ! ಕೇರಳದ ವಾದ್ಯತಂಡವೊಂದು ಹೂಡಿದ ಕೃತಿಸ್ವಾಮ್ಯದ ಮೊಕದ್ದಮೆಯಿಂದಾಗಿ ರಾಗ ಬದಲಿಸಿದ್ದರು. ಆಮೇಲೆ ಮೊದಲಿನ ರಾಗ ಮರಳಿ ಬಂತು, ಅದು ಬೇರೆ ಮಾತು. ತಪ್ಪು ಯಾರದ್ದೆಂಬ ಚರ್ಚೆ ನಮಗೆ ಬೇಡ. ಪ್ರತಿ ಬೇರೆಯವರ ಮನೆಯಲ್ಲಿದ್ದರೆ, ಅದು ಯಾವಾಗ ಬದಲಾಗುತ್ತದೆ, ಯಾವಾಗ ಎದ್ದು ಹೋಗುತ್ತದೆ ಎನ್ನುವುದು ನಮ್ಮ ಕೈಯಲ್ಲಿಲ್ಲ. ಇಷ್ಟು ಅರ್ಥವಾದರೆ ಸಾಕು.

ಫ್ಲಾಷ್‌ಬ್ಯಾಕ್ ಮುಗಿಯಿತು. ಕಥೆಗೆ ಬರೋಣ.

ಖರ್ಚಿಲ್ಲದ ಪ್ರಯೋಗ

ಕಿಸೆಗೆ ಕೈ ಹಾಕುವ ಮೊದಲು ಒಂದು ಪೆನ್‌ಡ್ರೈವಿಗೆ ನಾಲ್ಕೈದು ಬಗೆಯ ವೀಡಿಯೋ ತುಂಬಿ ನಿಮ್ಮ ಟಿವಿಯ ಯುಎಸ್‌ಬಿ ತೂತಿಗೆ ಹಾಕಿ ನೋಡಿ. ಒಂದು ಹಳೇ ವಿಸಿಡಿಯ ಫೈಲು, ಒಂದು ಡಿವಿಡಿಯದ್ದು, ಒಂದು ಮೊಬೈಲಿನಲ್ಲಿ ತೆಗೆದದ್ದು, ಒಂದು ದೊಡ್ಡ ಸೈಜಿನದ್ದು. ಎಲ್ಲವೂ ಓಡಿದವೋ, ನಿಮಗೆ ಪೆಟ್ಟಿಗೆಯೇ ಬೇಡ! ಈ ಪತ್ರಿಕೆಯ ದುಡ್ಡು ಅಲ್ಲೇ ವಸೂಲಾಯಿತು.

ಆದರೆ ಹೆಚ್ಚಿನ ಟಿವಿಗಳು ಇಲ್ಲಿ ಮುಗ್ಗರಿಸುತ್ತವೆ. ಒಂದಕ್ಕೆ ಚಿತ್ರ ಬಂದರೆ ಧ್ವನಿ ಇಲ್ಲ, ಇನ್ನೊಂದಕ್ಕೆ ಧ್ವನಿ ಬಂದರೆ ಚಿತ್ರ ಇಲ್ಲ. ವಿಸಿಡಿಯ 'ಡ್ಯಾಟ್' ಫೈಲನ್ನು ಹಲವು ಟಿವಿಗಳು ಮೂಸಿಯೂ ನೋಡುವುದಿಲ್ಲ. ಪೆನ್‌ಡ್ರೈವ್ ಫ್ಯಾಟ್32 ಪದ್ಧತಿಯಲ್ಲಿದ್ದರೆ 4 ಜಿಬಿಗಿಂತ ದೊಡ್ಡ ಫೈಲನ್ನು ಅದರೊಳಗೆ ಹಾಕಲಿಕ್ಕೇ ಆಗುವುದಿಲ್ಲ. ಹಾಗಾದಾಗ ಪೆಟ್ಟಿಗೆ ಬೇಕು.

ಆಪರೇಟರ್ ಇದ್ದರೆ ಷೋ!

ಪೆಟ್ಟಿಗೆ ಆರಿಸುವ ಗುಟ್ಟು ಒಂದೇ ಒಂದು. ಅಂಗಡಿಯವರು "ರ‍್ಯಾಮ್ ಎಷ್ಟು, ಕೋರ್ ಎಷ್ಟು" ಅಂತ ಪಟ್ಟಿ ಓದುತ್ತಾರೆ. ಸಿನಿಮಾ ನೋಡುವವನಿಗೆ ಅದು ಎರಡನೇ ಮಾತು. ಮೊದಲನೇ ಮಾತು, ಒಳಗೆ ಪ್ರೊಜೆಕ್ಟರ್ ಆಪರೇಟರ್ ಇದ್ದಾನೋ ಇಲ್ಲವೋ?

ವೀಡಿಯೋ ಫೈಲನ್ನು ಗಟ್ಟಿಯಾಗಿ ಒತ್ತಿ ಮಡಚಿ ಇಟ್ಟಿರುತ್ತಾರೆ. ಮಡಚುವ ಕ್ರಮಕ್ಕೆ ಕೊಡೆಕ್ ಅಂತ ಹೆಸರು. ನೋಡುವಾಗ ಅದನ್ನು ಬಿಚ್ಚಬೇಕು. ಬಿಚ್ಚುವುದಕ್ಕೆಂದೇ ಚಿಪ್ಪಿನ ಒಳಗೊಂದು ಪ್ರತ್ಯೇಕ ಭಾಗವಿದ್ದರೆ ಅದು ನುರಿತ ಆಪರೇಟರ್ ಇದ್ದ ಹಾಗೆ. ತಣ್ಣಗೆ, ಸದ್ದಿಲ್ಲದೆ ರೀಲು ಓಡುತ್ತದೆ. ಇಲ್ಲದಿದ್ದರೆ ಆ ಕೆಲಸವನ್ನು ಮುಖ್ಯ ಪ್ರೊಸೆಸರೇ ಮಾಡಬೇಕು. ಗೇಟ್‌ಕೀಪರ್ ಹೋಗಿ ಪ್ರೊಜೆಕ್ಟರ್ ಓಡಿಸಿದ ಹಾಗೆ! ಫ್ಯಾನು ಗುಂಯ್‌ಗುಡುತ್ತದೆ, ಪೆಟ್ಟಿಗೆ ಬಿಸಿಯಾಗುತ್ತದೆ, ಫೈಟಿಂಗ್ ಸೀನಿನಲ್ಲಿ ಚಿತ್ರ ತಡವರಿಸುತ್ತದೆ.

ನೆನಪಿಡಬೇಕಾದ ಕ್ರಮಗಳು ಇಷ್ಟೇ. ವಿಸಿಡಿಯದ್ದು ಎಂಪೆಗ್-1, ಡಿವಿಡಿಯದ್ದು ಎಂಪೆಗ್-2. ಇವೆರಡು ಎಷ್ಟು ಹಗುರ ಎಂದರೆ ಇವತ್ತಿನ ಯಾವ ಪೆಟ್ಟಿಗೆಗೂ ಲೆಕ್ಕಕ್ಕಿಲ್ಲ. ಬ್ಲೂರೇ ಮತ್ತು ಹೆಚ್ಚಿನ ಎಚ್‌ಡಿ ಫೈಲುಗಳದ್ದು ಎಚ್.264. ಹೊಸ ಮೊಬೈಲ್ ಕ್ಯಾಮೆರಾ ಮತ್ತು 4ಕೆ ಚಿತ್ರಗಳದ್ದು ಎಚ್.265, ಅದನ್ನೇ ಎಚ್‌ಇವಿಸಿ ಅಂತಲೂ ಹೇಳುತ್ತಾರೆ. ಯೂಟ್ಯೂಬಿನದ್ದು ವಿಪಿ9 ಮತ್ತು ಎವಿ1. ಇವತ್ತು ಕೊಳ್ಳುವ ಪೆಟ್ಟಿಗೆಗೆ ಎಚ್.265, ಅದರಲ್ಲೂ 10 ಬಿಟ್ಟಿನದ್ದು, ಬಿಚ್ಚಲು ಬರಲೇಬೇಕು. ಬಾರದಿದ್ದರೆ ಮುಂದಿನ ಮದುವೆಯ ವೀಡಿಯೋ ಹೊತ್ತಿಗೆ ಪೆಟ್ಟಿಗೆ ಮುದುಕ.

ಸ್ಕ್ರೀನ್ ಟೆಸ್ಟ್!

ಮೊದಲನೇ ಉಮೇದುವಾರ: ಟಿವಿ ಸ್ಟಿಕ್. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು. ಟಿವಿಯ ಹಿಂದೆ ಚುಚ್ಚಿದರೆ ಆಯಿತು. ರಿಮೋಟ್ ಜೊತೆಗೇ ಬರುತ್ತದೆ. ಒಟಿಟಿ ನೋಡಲು ಇದಕ್ಕಿಂತ ಸುಲಭದ್ದು ಇಲ್ಲ. ಒಟಿಟಿ ಕಂಪೆನಿಗಳು ತಮ್ಮ 4ಕೆ ಚಿತ್ರವನ್ನು ತಾವು ಒಪ್ಪಿದ ಸ್ಟಿಕ್ಕು, ಟಿವಿಗಳಿಗೆ ಮಾತ್ರ ಬಿಡುತ್ತವೆ. ಲಿನಕ್ಸ್ ಹಾಕಿದ ಕಂಪ್ಯೂಟರಿಗೆ ಬಿಡುವುದಿಲ್ಲ. ಇದು ಅದರ ಪ್ಲಸ್ ಪಾಯಿಂಟು. ಆದರೆ ಹೊಟ್ಟೆ ಸಣ್ಣದು. ಸಾಮಾನ್ಯ ಸ್ಟಿಕ್ಕುಗಳಲ್ಲಿ 8 ಜಿಬಿ ಜಾಗ, ಎರಡು ಡಿವಿಡಿಗೂ ಸಾಲದು. ನಿಮ್ಮ ಮನೆಯಲ್ಲಿ ಡಿಸ್ಕೇ ಇಲ್ಲ, ಬರೀ ಒಟಿಟಿ ಸಾಕು ಎಂದಾದರೆ ಇದನ್ನೇ ತಗೊಂಡು ಮುಂದಿನ ಪುಟಕ್ಕೆ ಹೋಗಿ. ಬೇಜಾರಿಲ್ಲ.

ಎರಡನೇ ಉಮೇದುವಾರ: ಹೆಸರಿಲ್ಲದ ಆಂಡ್ರಾಯ್ಡ್ ಪೆಟ್ಟಿಗೆ. "8ಕೆ" ಅಂತ ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ, "ಎಲ್ಲಾ ಚಾನೆಲ್ ಫ್ರೀ" ಅಂತಲೂ ಹೇಳುತ್ತಾರೆ. ಇವನು ವಿಲನ್! 2025ರ ಜೂನ್ ತಿಂಗಳಲ್ಲಿ ಅಮೆರಿಕದ ಎಫ್‌ಬಿಐ ಇಂಥ ಅಗ್ಗದ ಪೆಟ್ಟಿಗೆಗಳ ಬಗ್ಗೆ ಬಹಿರಂಗ ಎಚ್ಚರಿಕೆ ಕೊಟ್ಟಿತ್ತು. 'ಬ್ಯಾಡ್‌ಬಾಕ್ಸ್' ಎಂಬ ಕಳ್ಳ ಸಾಫ್ಟ್‌ವೇರ್ ಕಾರ್ಖಾನೆಯಿಂದಲೇ ಒಳಗೆ ಕೂತು ಬಂದು, ಮನೆಯ ಇಂಟರ್‌ನೆಟ್ಟನ್ನು ವಂಚಕರ ಕೈಗೆ ಕೊಡುತ್ತದೆ. ಅದೇ ಮನೆಯ ವೈಫೈಯಲ್ಲಿ ಅಮ್ಮನ ಬ್ಯಾಂಕ್ ವ್ಯವಹಾರವೂ ನಡೆಯುತ್ತದೆ ಎನ್ನುವುದು ನೆನಪಿರಲಿ. ಬೇಡ ಮಾರಾಯ್ರೆ, ದೂರದಿಂದಲೇ ನಮಸ್ಕಾರ.

ಮೂರನೇ ಉಮೇದುವಾರ: ರಾಸ್ಪ್‌ಬೆರಿ ಪೈ. ಇಂಗ್ಲೆಂಡಿನ ಹುಡುಗ, 2012ರಲ್ಲಿ ರಂಗಪ್ರವೇಶ. ಮಕ್ಕಳು ಕಂಪ್ಯೂಟರ್ ಕಲಿಯಲಿ ಅಂತ ಮಾಡಿದ, ಎಟಿಎಂ ಕಾರ್ಡಿನಷ್ಟು ಅಗಲದ ಬೋರ್ಡು. ಮಣಿಪಾಲದ ಎಂಜಿನಿಯರಿಂಗ್ ಹುಡುಗರನ್ನು ಕೇಳಿ, ಪ್ರಾಜೆಕ್ಟಿಗೆ ಕೊಂಡವರು ಸಿಕ್ಕೇ ಸಿಗುತ್ತಾರೆ. 2019ರ ಪೈ 4, 2023ರ ಪೈ 5, ಎರಡೂ ಎಚ್.265ರ 4ಕೆ ಚಿತ್ರವನ್ನು ಸಲೀಸಾಗಿ ಓಡಿಸುತ್ತವೆ. ಒಂದು ಸೋಜಿಗ ನೋಡಿ, ಎಚ್.264 ಬಿಚ್ಚುವ ಪ್ರತ್ಯೇಕ ಭಾಗ ಪೈ 4ರಲ್ಲಿ ಇತ್ತು, ಹೊಸ ಪೈ 5ರಲ್ಲಿ ಅದನ್ನು ತೆಗೆದುಬಿಟ್ಟರು! ಪ್ರೊಸೆಸರ್ ಬಲವಾಗಿರುವುದರಿಂದ ಸಾಮಾನ್ಯ ಎಚ್‌ಡಿಗೆ ತೊಂದರೆ ಇಲ್ಲ.

ಪೈಯ ದೊಡ್ಡ ಗುಣ ಎಂದರೆ ಟಿವಿಯ ರಿಮೋಟೇ ಸಾಕು. ಎಚ್‌ಡಿಎಂಐ ತಂತಿಯೊಳಗೇ ರಿಮೋಟಿನ ಆಜ್ಞೆ ಹೋಗುವ ಸಿಇಸಿ ಎಂಬ ವ್ಯವಸ್ಥೆ ಅದಕ್ಕೆ ಗೊತ್ತು. ಮನೆಯ ಅಜ್ಜಿಗೂ ಸುಲಭ. ದೋಷ? ಬೋರ್ಡಿನ ಬೆಲೆ ಮಾತ್ರ ನೋಡಿ ಹಿಗ್ಗಬೇಡಿ. ಅದಕ್ಕೆ ಸರಿಯಾದ ಪವರ್ ಅಡಾಪ್ಟರ್ ಬೇಕು (ಪೈ 5ಕ್ಕೆ 27 ವ್ಯಾಟಿನದ್ದು), ಡಬ್ಬಿ ಬೇಕು, ಮೆಮೊರಿ ಕಾರ್ಡು ಬೇಕು, ಸಣ್ಣ ಬಾಯಿಯ ಎಚ್‌ಡಿಎಂಐ ತಂತಿ ಬೇಕು. ಮದುಮಗನಿಗಿಂತ ದಿಬ್ಬಣದ ಖರ್ಚೇ ಜಾಸ್ತಿ! ಮೇಲಿಂದ 2025ರ ಕೊನೆಗೆ ಮೆಮೊರಿ ಚಿಪ್ಪುಗಳ ಬೆಲೆ ಏರಿ ಪೈಯ ಬೆಲೆಯನ್ನೂ ಏರಿಸಿದರು.

ನಾಲ್ಕನೇ ಉಮೇದುವಾರ: ಹೊಸ ಮಿನಿ ಪಿಸಿ. ಇಂಟೆಲ್‌ನವರ ಎನ್100 ಎಂಬ ಚಿಪ್ಪು 2023ರ ಆರಂಭದಲ್ಲಿ ಬಂತು. ನಾಲ್ಕು ಕೋರ್, 6 ವ್ಯಾಟ್ ದರ್ಜೆ. ಎಚ್.264, ಎಚ್.265, ವಿಪಿ9, ಎವಿ1 ಎಲ್ಲವನ್ನೂ ಬಿಚ್ಚುವ ಆಪರೇಟರ್ ಒಳಗೇ ಇದ್ದಾನೆ. ಚಪಾತಿ ಡಬ್ಬಿಗಿಂತ ಸಣ್ಣ ಗಾತ್ರ. ನಟನೆಗೆ ನೂರಕ್ಕೆ ತೊಂಬತ್ತು ಅಂಕ. ಆದರೆ ಯಾವುದೋ ಊರಿನ, ಯಾರೂ ಕೇಳದ ಹೆಸರಿನ ಕಂಪೆನಿಯದ್ದು ಕೊಂಡರೆ, ಕೆಟ್ಟಾಗ ಉಡುಪಿಯಲ್ಲಿ ಯಾರ ಬಾಗಿಲು ತಟ್ಟುವುದು? ವಾರಂಟಿ ಎಲ್ಲಿ ಸಿಗುತ್ತದೆ ಎಂದು ಕೇಳಿಯೇ ದುಡ್ಡು ಕೊಡಿ.

ಐದನೇ ಉಮೇದುವಾರ: ಸೆಕೆಂಡ್ ಹ್ಯಾಂಡ್ ಆಫೀಸ್ ಮಿನಿ. ಬಂದ ನೋಡಿ, ನಮ್ಮ ಪಾಲಿನ ಹೀರೋ!

ಹಳಬನೇ ಹೀರೋ

ದೊಡ್ಡ ಆಫೀಸು, ಬ್ಯಾಂಕು, ಕಾಲ್‌ಸೆಂಟರ್‌ಗಳಲ್ಲಿ ಮಾನಿಟರಿನ ಹಿಂದೆ ಕೂರಿಸುವ ಪುಟ್ಟ ಕಂಪ್ಯೂಟರುಗಳಿವೆ. ಲೆನೊವೊದವರದ್ದು 'ಟೈನಿ', ಡೆಲ್‌ನವರದ್ದು 'ಮೈಕ್ರೋ', ಎಚ್‌ಪಿಯವರದ್ದು 'ಮಿನಿ'. ದಪ್ಪ ಪುಸ್ತಕದಷ್ಟು ಗಾತ್ರ. ಆಫೀಸಿನವರು ಕೆಲವು ವರ್ಷ ದುಡಿಸಿ ರಾಶಿಗಟ್ಟಲೆ ಮಾರುತ್ತಾರೆ.

ಈಗ ಇವು ಅಗ್ಗವಾಗಲು ಒಂದು ಒಳ್ಳೆಯ ಕಾರಣವೂ ಉಂಟು. ಮೈಕ್ರೋಸಾಫ್ಟ್‌ನವರು 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಲ್ಲಿಸಿದರು. ವಿಂಡೋಸ್ 11 ಹಾಕೋಣ ಎಂದರೆ ಇಂಟೆಲ್‌ನ 8ನೇ ತಲೆಮಾರು ಅಥವಾ ಅದಕ್ಕಿಂತ ಹೊಸ ಚಿಪ್ಪೇ ಆಗಬೇಕು. ಹಾಗಾಗಿ 7ನೇ ತಲೆಮಾರಿನವು ಆಫೀಸಿಗೆ ಬೇಡವಾದವು. ಆದರೆ ಸಿನಿಮಾಕ್ಕೆ? ಎಚ್.265ರ 10 ಬಿಟ್ ಚಿತ್ರವನ್ನು ಬಿಚ್ಚುವ ಪೂರ್ಣ ಶಕ್ತಿ ಬಂದದ್ದೇ ಆ 7ನೇ ತಲೆಮಾರಿನಿಂದ! ಆಫೀಸಿನವರಿಗೆ ಕಸ, ನಮಗೆ ರಸ.

ಗುರುತು ಹಿಡಿಯುವುದು ಹೇಗೆ? ಚಿಪ್ಪಿನ ಹೆಸರು 'ಐ5-7500ಟಿ' ಅಂತ ಇದ್ದರೆ ಅಡ್ಡಗೆರೆಯ ನಂತರದ ಮೊದಲ ಅಂಕೆ 7. ಅದೇ ತಲೆಮಾರು. ಕೊನೆಯ 'ಟಿ' ಅಂದರೆ ಕಡಿಮೆ ವಿದ್ಯುತ್ ತಿನ್ನುವ ಮಾದರಿ. 6 ಎಂದಿದ್ದರೆ 8 ಬಿಟ್ಟಿನ ಎಚ್.265ಕ್ಕೆ ಸಾಕು, 10 ಬಿಟ್ಟಿಗೆ ತಿಣುಕುತ್ತದೆ. 4 ಎಂದಿದ್ದರೆ ಬಿಟ್ಟುಬಿಡಿ, ಎಷ್ಟೇ ಅಗ್ಗವಾದರೂ! ಎವಿ1 ಬೇಕೆಂದರೆ 11ನೇ ತಲೆಮಾರಿಗೆ ಹೋಗಬೇಕು. ಅದಿಲ್ಲದಿದ್ದರೂ ಯೂಟ್ಯೂಬಿನ ವಿಪಿ9ಕ್ಕೆ 7ನೇಯವನು ಸಾಕು.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ನಾಚಿಕೆ ಬೇಡ. ಅಂಗಡಿಯಲ್ಲಿ ಮಾತು ಹೀಗಿರಲಿ:

"ಅಣ್ಣ, ಇದು ಎಷ್ಟನೇ ಜನರೇಷನ್?"

"ಐ5 ಮಾರಾಯ, ರಾಕೆಟ್ ಹಾಗೆ ಓಡ್ತದೆ."

"ಓಡ್ಲಿ ಅಣ್ಣ. ಒಮ್ಮೆ ಆನ್ ಮಾಡಿ, ನಂಬ್ರ ನೋಡ್ತೇನೆ."

ಆನ್ ಮಾಡಿಸಿ, ಪರದೆಯಲ್ಲೇ ನಂಬ್ರ ಓದಿ. ಪೆನ್‌ಡ್ರೈವಿನಲ್ಲಿ ತಂದ ನಿಮ್ಮದೇ ವೀಡಿಯೋವನ್ನು ಹತ್ತು ನಿಮಿಷ ಓಡಿಸಿ ನೋಡಿ. ಫ್ಯಾನಿನ ಸದ್ದಿಗೆ ಕಿವಿ ಕೊಡಿ. ಅಡಾಪ್ಟರ್ ಅದೇ ಕಂಪೆನಿಯದ್ದೇ ಅಂತ ನೋಡಿ. ಮುಖ್ಯವಾಗಿ ಹಿಂದೆ ಎಚ್‌ಡಿಎಂಐ ಬಾಯಿ ಉಂಟಾ ನೋಡಿ. ಕೆಲವಕ್ಕೆ ಡಿಸ್‌ಪ್ಲೇಪೋರ್ಟ್ ಮಾತ್ರ ಇರುತ್ತದೆ, ಅದಕ್ಕೆ ಬೇರೆ ತಂತಿ ಕೊಳ್ಳಬೇಕಾಗುತ್ತದೆ. ಇವಕ್ಕೆ ಪೈಯ ಹಾಗೆ ಟಿವಿ ರಿಮೋಟಿನ ಮಾತು ಅರ್ಥವಾಗುವುದು ಅಪರೂಪ. ಒಂದು ಯುಎಸ್‌ಬಿ ರಿಮೋಟ್ ಕೊಂಡರೆ ಸಾಕು, ಅಥವಾ ಮೊಬೈಲನ್ನೇ ರಿಮೋಟ್ ಮಾಡಿಕೊಳ್ಳಬಹುದು.

ಬೆಲೆಯನ್ನು ಇಲ್ಲಿ ಅಚ್ಚು ಹಾಕಿಲ್ಲ. ತಿಂಗಳಿಗೊಂದು ಸಲ ಬದಲಾಗುವ ಬೆಲೆ ಓದಿ ನೀವು ಅಂಗಡಿಯಲ್ಲಿ ಜಗಳ ಮಾಡುವುದು ಬೇಡ. ಬದಲಿಗೆ ಒಂದು ಚೀಟಿಯಲ್ಲಿ ಬರೆಯಿರಿ: ಪೆಟ್ಟಿಗೆ, ಅಡಾಪ್ಟರ್, ತಂತಿ, ರಿಮೋಟ್, ಹಾರ್ಡ್‌ಡಿಸ್ಕ್, ಡಿವಿಡಿ ಓದುವ ಯುಎಸ್‌ಬಿ ಡ್ರೈವ್. ಎಲ್ಲವನ್ನೂ ಕೂಡಿಸಿ ಮೂರು ಉಮೇದುವಾರರನ್ನು ಪಕ್ಕಪಕ್ಕ ನಿಲ್ಲಿಸಿ. ಆಗ ಅಸಲಿ ಬೆಲೆ ಗೊತ್ತಾಗುತ್ತದೆ.

ಬಿಟ್ಟಿ ಸಿಗುವ ನಿರ್ದೇಶಕ

ಪೆಟ್ಟಿಗೆ ನಟ ಮಾತ್ರ. ನಿರ್ದೇಶಕ ಸಾಫ್ಟ್‌ವೇರು. ಇದಕ್ಕೆ ಒಂದು ಕಾಸೂ ಖರ್ಚಿಲ್ಲ! 'ಕೋಡಿ' ಎಂಬುದು ಇದರಲ್ಲಿ ಹಳೇ ಹುಲಿ. ಎಕ್ಸ್‌ಬಾಕ್ಸ್ ಎಂಬ ಆಟದ ಯಂತ್ರಕ್ಕೆ ಹವ್ಯಾಸಿಗಳು ಬರೆದ ಪ್ಲೇಯರ್ ಅದು. 2014ರಲ್ಲಿ ಹೆಸರು ಬದಲಿಸಿ ಕೋಡಿ ಆಯಿತು. ನಿಮ್ಮ ಚಿತ್ರಗಳನ್ನೆಲ್ಲ ಪೋಸ್ಟರ್ ಸಮೇತ ಸಾಲಾಗಿ ಜೋಡಿಸಿ ತೋರಿಸುತ್ತದೆ. ಹೆಸರಿನ ಜೊತೆ ವರ್ಷ ಹಾಕಿ 'ಕಸ್ತೂರಿ ನಿವಾಸ 1971' ಎಂಬಂತೆ ಫೈಲಿಗೆ ಹೆಸರಿಡಿ, ಗುರುತು ಹಿಡಿಯಲು ಅದಕ್ಕೆ ಸುಲಭ. ತುಳು ಚಿತ್ರಗಳಿಗೆ ಪೋಸ್ಟರ್ ಸಿಗದಿದ್ದರೆ ಡಿಸ್ಕಿನ ಕವರನ್ನೇ ಮೊಬೈಲಿನಲ್ಲಿ ಫೋಟೋ ಹೊಡೆದು ಹಾಕಿ.

ಕೋಡಿಯೊಂದನ್ನೇ ಓಡಿಸಲು ಮಾಡಿದ ಪುಟ್ಟ ವ್ಯವಸ್ಥೆ 'ಲಿಬ್ರೆಎಲೆಕ್'. ವಿಂಡೋಸ್ ಬೇಡ, ಆಂಟಿವೈರಸ್ ಬೇಡ, ಆನ್ ಮಾಡಿದರೆ ನೇರ ಸಿನಿಮಾ ಪುಟ. ಪೈಗೂ ನಡೆಯುತ್ತದೆ, ಆಫೀಸ್ ಮಿನಿಗೂ ನಡೆಯುತ್ತದೆ. ಒಂದೇ ಪೆಟ್ಟಿಗೆಯಿಂದ ಕೋಣೆಯ ಟಿವಿಗೂ ತಮ್ಮನ ಮೊಬೈಲಿಗೂ ಚಿತ್ರ ಹಂಚಬೇಕೆಂದರೆ 'ಜೆಲ್ಲಿಫಿನ್' ಎಂಬುದು ಉಂಟು. ಅದೂ ಬಿಟ್ಟಿ.

ಸಿನಿಮಾ ಹುಚ್ಚರಿಗೆ ಒಂದು ಗುಟ್ಟು. ಟಾಕೀಸಿನಲ್ಲಿ ಚಿತ್ರ ಓಡುವುದು ಸೆಕೆಂಡಿಗೆ 24 ಫ್ರೇಮು. ಹೆಚ್ಚಿನ ಪೆಟ್ಟಿಗೆಗಳು ಟಿವಿಗೆ ಸೆಕೆಂಡಿಗೆ 60 ಸಲ ಕಳಿಸುತ್ತವೆ. 24ನ್ನು 60ಕ್ಕೆ ಸರಿಸಮ ಹಂಚಲಿಕ್ಕೆ ಆಗುವುದಿಲ್ಲ. ಹಾಗಾಗಿ ಕ್ಯಾಮೆರಾ ನಿಧಾನವಾಗಿ ತಿರುಗುವ ಶಾಟಿನಲ್ಲಿ ಸಣ್ಣ ತಡವರಿಕೆ. ಕೋಡಿಯ ಸೆಟ್ಟಿಂಗಿನಲ್ಲಿ ಟಿವಿಯ ವೇಗವನ್ನು ಚಿತ್ರದ ವೇಗಕ್ಕೆ ಹೊಂದಿಸುವ ಆಯ್ಕೆ ಉಂಟು. ಅದನ್ನು ಹಾಕಿದರೆ ತೆರೆ ಬೆಣ್ಣೆಯ ಹಾಗೆ ಜಾರುತ್ತದೆ. ಇನ್ನೊಂದು ತಮಾಷೆ ಕೇಳಿ. ಪಾಲ್ ಪದ್ಧತಿಯ ಡಿಸ್ಕಿನಲ್ಲಿ 24 ಫ್ರೇಮಿನ ಚಿತ್ರವನ್ನು 25ಕ್ಕೆ ಓಡಿಸುತ್ತಾರೆ. ಟಾಕೀಸಿನಲ್ಲಿ 150 ನಿಮಿಷದ ಚಿತ್ರ ಮನೆಯಲ್ಲಿ 144 ನಿಮಿಷಕ್ಕೆ ಮುಗಿಯುತ್ತದೆ. ಕತ್ತರಿ ಹಾಕಿದ್ದಾರೆ ಅಂತ ಬೈಯಬೇಡಿ!

ಮಾತು ಮೆಲ್ಲಗೆ, ಫೈಟಿಂಗ್ ಜೋರು ಎಂದು ಅಮ್ಮ ಗೊಣಗಿದರೆ, ಧ್ವನಿಯ ಸೆಟ್ಟಿಂಗಿನಲ್ಲಿ ಎರಡು ಸ್ಪೀಕರ್ ಎಂದು ಬದಲಿಸಿ. ಟಿವಿಗೆ ಇರುವುದೇ ಎರಡು ಸ್ಪೀಕರು, ಅದಕ್ಕೆ ಆರು ದಾರಿಯ ಧ್ವನಿ ಕಳಿಸಿದರೆ ಮಾತು ಮಧ್ಯದಲ್ಲಿ ಕಳೆದುಹೋಗುತ್ತದೆ.

ಡಿಸ್ಕಿನಿಂದ ಪೆಟ್ಟಿಗೆಗೆ

ವಿಸಿಡಿ ತೆರೆದರೆ 'ಎಂಪೆಗ್‌ಎವಿ' ಎಂಬ ಫೋಲ್ಡರ್ ಕಾಣುತ್ತದೆ. ಅದರೊಳಗಿನ ಡ್ಯಾಟ್ ಫೈಲೇ ಸಿನಿಮಾ. ಅದನ್ನು ಹಾಗೇ ನಕಲು ಮಾಡಿದರೆ ಮುಗಿಯಿತು. ಒಂದು ಡಿಸ್ಕಿನಲ್ಲಿ ಸುಮಾರು 74ರಿಂದ 80 ನಿಮಿಷ, ಹಾಗಾಗಿಯೇ ಒಂದು ಪಿಕ್ಚರಿಗೆ ಎರಡು ಡಿಸ್ಕು. ಡಿವಿಡಿ ಒಂದು ಪದರದ್ದಾದರೆ 4.7 ಜಿಬಿ. ಒಂದು ಟಿಬಿ ಹಾರ್ಡ್‌ಡಿಸ್ಕಿನಲ್ಲಿ ಅಂಥ ಇನ್ನೂರು ಡಿಸ್ಕು ಹಿಡಿಯುತ್ತದೆ. ಸೆಕೆಂಡಿಗೆ 8 ಮೆಗಾಬಿಟ್ ವೇಗದ ಎಚ್‌ಡಿ ವೀಡಿಯೋ ಗಂಟೆಗೆ 3.6 ಜಿಬಿ ತಿನ್ನುತ್ತದೆ. ಎಂಟು ಗಂಟೆಯ ಯಕ್ಷಗಾನದ ಆಟಕ್ಕೆ 29 ಜಿಬಿ ಹತ್ತಿರ. ಲೆಕ್ಕ ಹಾಕಿಯೇ ಹಾರ್ಡ್‌ಡಿಸ್ಕ್ ಕೊಳ್ಳಿ.

ಮಸಾಲೆದೋಸೆಯ ತಟ್ಟೆ ಒರೆಸಿದ ಹಾಗೆ ಡಿಸ್ಕನ್ನು ಸುತ್ತ ಸುತ್ತ ಉಜ್ಜಬೇಡಿ. ಮಧ್ಯದಿಂದ ಅಂಚಿಗೆ ನೇರವಾಗಿ, ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಮೊದಲು ನಕಲು ಮಾಡಬೇಕಾದದ್ದು ಅಕ್ಕನ ಮದುವೆ, ಅಜ್ಜನ ಸಂದರ್ಶನ, ಊರಿನ ಬಯಲಾಟ. ಅಣ್ಣಾವ್ರ ಚಿತ್ರ ಬೇರೆಯವರಲ್ಲೂ ಇರಬಹುದು. ಅಜ್ಜನ ಧ್ವನಿ ಜಗತ್ತಿನಲ್ಲಿ ಆ ಒಂದೇ ಡಿಸ್ಕಿನಲ್ಲಿ ಉಂಟು. ಅದಕ್ಕೆ ಎರಡು ಪ್ರತಿ ಮಾಡಿ. ಒಂದು ಪೆಟ್ಟಿಗೆಯಲ್ಲಿ, ಇನ್ನೊಂದು ಬೇರೆ ಹಾರ್ಡ್‌ಡಿಸ್ಕಿನಲ್ಲಿ, ಆಗುವುದಾದರೆ ಬೇರೆ ಮನೆಯಲ್ಲಿ.

ನಮ್ಮೂರಿನ ಖಳನಾಯಕರು

ಬೆಂಗಳೂರಿನವರು ಬರೆದ ಸಲಹೆಯಲ್ಲಿ ಈ ಭಾಗ ಇರುವುದಿಲ್ಲ. ನಮಗೆ ಮೂವರು ವಿಲನ್‌ಗಳು: ಸಿಡಿಲು, ತೇವ, ಇರುವೆ!

ಏಪ್ರಿಲ್-ಮೇ ತಿಂಗಳ ಸಂಜೆ, ಆಮೇಲೆ ಅಕ್ಟೋಬರಿನಲ್ಲಿ ಗುಡುಗು ಶುರುವಾದರೆ ಸ್ವಿಚ್ ಆಫ್ ಮಾಡಿದರೆ ಸಾಲದು. ಪ್ಲಗ್ ಕಿತ್ತಿಡಿ. ಇಂಟರ್‌ನೆಟ್ಟಿನ ತಂತಿ, ಡಿಶ್ಶಿನ ತಂತಿ ಎರಡನ್ನೂ ಕಳಚಿ. ಸಿಡಿಲಿಗೆ ಆ ದಾರಿಯೂ ಗೊತ್ತು. ಮನೆಯ ಅರ್ತಿಂಗ್ ಸರಿ ಉಂಟಾ ಅಂತ ಎಲೆಕ್ಟ್ರಿಷಿಯನ್ನರಲ್ಲಿ ಒಮ್ಮೆ ನೋಡಿಸಿ.

ಮಳೆಗಾಲದ ತೇವಕ್ಕೆ ಹಾರ್ಡ್‌ಡಿಸ್ಕನ್ನು ಮುಚ್ಚಳ ಗಟ್ಟಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ. ಪೆಟ್ಟಿಗೆಯನ್ನು ವಾರಕ್ಕೆ ಒಂದೆರಡು ದಿನವಾದರೂ ಓಡಿಸಿ, ಒಳಗಿನ ಬಿಸಿಗೆ ತೇವ ನಿಲ್ಲುವುದಿಲ್ಲ. ಬೆಚ್ಚಗಿರುವ ಪೆಟ್ಟಿಗೆಗೆ ಇರುವೆ ಬಂದು ಸಂಸಾರ ಹೂಡುತ್ತದೆ, ಆಗಾಗ ಕಣ್ಣಿಡಿ. ಕರೆಂಟು ಫಕ್ಕನೆ ಹೋದರೆ ಪೈಯ ಮೆಮೊರಿ ಕಾರ್ಡು ಹಾಳಾಗುವ ಸಂಭವ ಉಂಟು. ಇನ್ವರ್ಟರ್ ಇದ್ದರೆ ಅದರ ಲೈನಿಗೆ ಕೊಡಿ.

ಮುರಕಲ್ಲಿನ ದಪ್ಪ ಗೋಡೆ ದಾಟಿ ವೈಫೈ ಸರಿಯಾಗಿ ಬಾರದಿದ್ದರೆ ಪೆಟ್ಟಿಗೆಗೆ ಬೈಯಬೇಡಿ, ಒಂದು ಲ್ಯಾನ್ ತಂತಿ ಎಳೆಯಿರಿ.

ಮೆಸ್ಕಾಂ ಬಿಲ್ಲಿನ ಲೆಕ್ಕ ಬೇಕಾ? 15 ವ್ಯಾಟಿನ ಮಿನಿ ದಿನಕ್ಕೆ 4 ಗಂಟೆ ಓಡಿದರೆ ತಿಂಗಳಿಗೆ 1.8 ಯೂನಿಟ್. ಅಟ್ಟದಲ್ಲಿರುವ 80 ವ್ಯಾಟಿನ ಹಳೇ ದೊಡ್ಡ ಕಂಪ್ಯೂಟರನ್ನೇ ಇಳಿಸಿ ಓಡಿಸಿದರೆ 9.6 ಯೂನಿಟ್. ಹಗಲು-ರಾತ್ರಿ ಬಿಟ್ಟರೆ ಅದೇ 57 ಯೂನಿಟ್ ದಾಟುತ್ತದೆ. 2023ರಲ್ಲಿ ಶುರುವಾದ ಗೃಹಜ್ಯೋತಿಯಲ್ಲಿ 200 ಯೂನಿಟ್ಟಿನ ಗೆರೆ ಉಂಟಲ್ಲ? ಗೆರೆಯ ಹತ್ತಿರ ನಿಂತ ಮನೆಗೆ ಆ 57 ಯೂನಿಟ್ಟು ಪೂರ್ತಿ ಬಿಲ್ಲನ್ನೇ ತಂದು ಕೈಗಿಡಬಹುದು. ಬಿಟ್ಟಿ ಸಿಕ್ಕ ಹಳೇ ಕಂಪ್ಯೂಟರ್ ಬಿಟ್ಟಿಯಲ್ಲ!

ಒಂದು ಕಹಿ ಮಾತು

ಪೆಟ್ಟಿಗೆ ಬಂದ ಕೂಡಲೇ "ಹೊಸ ಪಿಕ್ಚರ್ ಉಂಟು, ಹಾಕಿ ಕೊಡ್ತೇನೆ" ಅನ್ನುವ ಗೆಳೆಯನೂ ಬರುತ್ತಾನೆ. ಬೇಡ. 2023ರಲ್ಲಿ ತಿದ್ದಿದ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಕಾರ ಟಾಕೀಸಿನಲ್ಲಿ ಕದ್ದು ಚಿತ್ರೀಕರಿಸಿದವನಿಗೂ ಅದನ್ನು ಹಂಚಿದವನಿಗೂ ಕನಿಷ್ಠ 3 ತಿಂಗಳ ಜೈಲು, ಕನಿಷ್ಠ 3 ಲಕ್ಷ ದಂಡ. ಕಾನೂನು ಬದಿಗಿಡಿ. ತುಳು ಚಿತ್ರ ನೋಡುವ ಜನ ಇರುವುದೇ ಈ ಎರಡು-ಮೂರು ಜಿಲ್ಲೆ, ಮುಂಬೈ, ಗಲ್ಫು. ಅಷ್ಟರಲ್ಲೂ ಅರ್ಧ ಮಂದಿ ಪೆನ್‌ಡ್ರೈವಿನಲ್ಲಿ ನೋಡಿದರೆ ನಿರ್ಮಾಪಕ ಇನ್ನೊಂದು ಚಿತ್ರ ತೆಗೆಯುವುದು ಹೇಗೆ? ಉಡುಪಿಯ ಹುಡುಗ ರಕ್ಷಿತ್ ಶೆಟ್ಟಿ ಮಲ್ಪೆಯ ಕಡಲನ್ನು 'ಉಳಿದವರು ಕಂಡಂತೆ'ಯಲ್ಲಿ 2014ರಲ್ಲಿ ತೆರೆಗೆ ತಂದರು. ಅಂಥ ಇನ್ನೊಬ್ಬ ಹುಡುಗ ಇವತ್ತು ಸಂತೆಕಟ್ಟೆಯಲ್ಲೋ ಕಾಪುವಿನಲ್ಲೋ ಕಾರ್ಕಳದಲ್ಲೋ ಕಥೆ ಬರೆಯುತ್ತಿರಬಹುದು. ಅವನ ಅನ್ನಕ್ಕೆ ಕಲ್ಲು ಹಾಕುವುದು ಬೇಡ. ಹೊಸದನ್ನು ಟಾಕೀಸಿನಲ್ಲಿ, ಸೀಟಿ ಹೊಡೆಯುತ್ತಾ ನೋಡೋಣ. ಪೆಟ್ಟಿಗೆ ಇರುವುದು ನಮ್ಮ ಹತ್ತಿರ ಇದ್ದದ್ದನ್ನು ಉಳಿಸಲಿಕ್ಕೆ.

ಕೊನೆಯ ತೀರ್ಪು

ಬರೀ ಒಟಿಟಿ ಸಾಕೆಂದರೆ ಹೆಸರಿರುವ ಕಂಪೆನಿಯ ಸ್ಟಿಕ್. ಬಿಚ್ಚಿ ಜೋಡಿಸುವ ಹುಚ್ಚಿದ್ದರೆ, ಟಿವಿ ರಿಮೋಟಿನಲ್ಲೇ ಎಲ್ಲಾ ಆಗಬೇಕೆಂದರೆ ಪೈ. ಕೈಯಲ್ಲಿ ಸ್ವಲ್ಪ ಜಾಸ್ತಿ ದುಡ್ಡಿದ್ದು ವಾರಂಟಿ ಬೇಕೆಂದರೆ ಎನ್100 ಮಿನಿ. ಡಿಸ್ಕಿನ ರಾಶಿ ಉಂಟು, ದುಡ್ಡು ಕಡಿಮೆ ಎನ್ನುವ ನಮ್ಮಂಥವರಿಗೆ 7ನೇ ತಲೆಮಾರಿನ ಆಫೀಸ್ ಮಿನಿ, ಅದರೊಳಗೆ ಲಿಬ್ರೆಎಲೆಕ್, ಜೊತೆಗೊಂದು ಡಿವಿಡಿ ಡ್ರೈವ್. ಒಟಿಟಿಯೂ ಬೇಕೆಂದರೆ ಪಕ್ಕದಲ್ಲಿ ಒಂದು ಸ್ಟಿಕ್ಕು ಇರಲಿ, ಟಿವಿಗೆ ಎರಡು ಎಚ್‌ಡಿಎಂಐ ಬಾಯಿ ಹೇಗೂ ಉಂಟು.

ಪೆಟ್ಟಿಗೆ ಮುಂದಿನ ತಿಂಗಳು ಬಂದರೂ ಸರಿ. ಡಿಸ್ಕುಗಳಿಗೆ ಮಾತ್ರ ಅಷ್ಟು ತಾಳ್ಮೆ ಇಲ್ಲ, ಪ್ರತಿ ಮಳೆಗಾಲ ಒಂದೆರಡನ್ನು ಒಯ್ಯುತ್ತದೆ. ಯಾರದ್ದಾದರೂ ಡಿವಿಡಿ ಡ್ರೈವ್ ಎರವಲು ತಂದು ಈ ಭಾನುವಾರವೇ ನಕಲು ಮಾಡಲು ಕೂರಿ. ಆಮೇಲೆ ಒಂದು ಸಂಜೆ ಲೈಟ್ ಆರಿಸಿ, ಮನೆಮಂದಿಯನ್ನೆಲ್ಲ ಕೂರಿಸಿ, ಷೋ ಶುರು ಮಾಡಿ. ಟಿಕೆಟ್ಟು ಬೇಡ, ಚಾ-ಅಂಬಡೆಯ ಖರ್ಚು ನಿಮ್ಮದು!